ಹುಟ್ಟಿದ ದಿನ ಒಂದೇ, ವಯಸ್ಸು ಬೇರೆ

ಪ್ರಶ್ನೆ: ನನಗೆ ಹದಿಮೂರು ವರ್ಷದ ಅವಳಿ ಮಕ್ಕಳಿದ್ದಾರೆ, ಒಬ್ಬಳು ಮಗಳು, ಒಬ್ಬ ಮಗ. ಒಂದು ವರ್ಷದಿಂದ ಮಗಳು ಸಣ್ಣ ಮಾತಿಗೂ ಅಳುತ್ತಾಳೆ. ಗೆಳತಿ ಆಡಿದ ಒಂದು ಮಾತನ್ನು ಮೂರು ದಿನ ಹಿಡಿದುಕೊಂಡು ಕೂರುತ್ತಾಳೆ. ಮಗ ಏನು ಕೇಳಿದರೂ ‘ಏನಿಲ್ಲ’ ಎನ್ನುತ್ತಾನೆ. ಹೆಚ್ಚು ಕೇಳಿದರೆ ಬಾಗಿಲು ಬಡಿದು ಒಳಗೆ ಹೋಗುತ್ತಾನೆ. ‘ಹೆಣ್ಣಿನ ಮಿದುಳು ಭಾವನೆಯದು, ಗಂಡಿನದು ತರ್ಕದ್ದು, ಹುಟ್ಟಿನಿಂದಲೇ ಹಾಗೆ’ ಎಂದು ನಮ್ಮ ಮನೆಯ ಹಿರಿಯರೊಬ್ಬರು ಹೇಳುತ್ತಾರೆ. ಇದು ನಿಜವೇ? ಇಬ್ಬರನ್ನೂ ಬೇರೆ ಬೇರೆ ರೀತಿ ನೋಡಿಕೊಳ್ಳಬೇಕೇ? ಮಲಗುವ ಹೊತ್ತಿನಂಥ ನಿಯಮಗಳನ್ನು ಇಬ್ಬರಿಗೂ ಒಂದೇ ಇಟ್ಟಿದ್ದೇನೆ. ಅದಕ್ಕೂ ಮಗಳು ಜಗಳವಾಡುತ್ತಾಳೆ.

ಉತ್ತರ: ನಿಮ್ಮ ಮಗ ಬಾಗಿಲು ಬಡಿಯುತ್ತಾನಲ್ಲ, ಆ ಸದ್ದು ನಿಮ್ಮ ಹಿರಿಯರ ಕಿವಿಗೆ ತರ್ಕದಂತೆ ಕೇಳಿಸಿತೇ ಎಂದು ಕೇಳಬೇಕೆನಿಸುತ್ತದೆ. ಸಿಟ್ಟೂ ಒಂದು ಭಾವನೆಯೇ. ಆದರೆ ಕಣ್ಣೀರನ್ನು ಮಾತ್ರ ಭಾವನೆಯ ಖಾತೆಗೆ ಬರೆದು, ಸಿಟ್ಟನ್ನು ‘ಗಂಡುಮಕ್ಕಳ ಸ್ವಭಾವ’ ಎಂದು ಬೇರೆ ಖಾತೆಗೆ ಬರೆಯುವುದು ನಮಗೆ ರೂಢಿಯಾಗಿಬಿಟ್ಟಿದೆ. ನಿಮ್ಮ ಮನೆಯಲ್ಲಿ ಭಾವನೆಗಳ ಒತ್ತಡದಲ್ಲಿರುವ ಮಕ್ಕಳು ಇಬ್ಬರು. ಒಬ್ಬಳದು ಕಣ್ಣಿಗೆ ಕಾಣುತ್ತಿದೆ, ಇನ್ನೊಬ್ಬನದು ಕಿವಿಗೆ ಕೇಳುತ್ತಿದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಅವಳಿ’ ಎಂಬ ಮಾತು. ಒಂದೇ ದಿನ ಹುಟ್ಟಿದವರು ಹೀಗೆ ಬೇರೆ ಬೇರೆಯಾದರಲ್ಲ, ಹಾಗಾದರೆ ಇದು ಹೆಣ್ಣು–ಗಂಡಿನ ಮಿದುಳಿನ ವ್ಯತ್ಯಾಸವೇ ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಅವರು ಈಗ ಒಂದೇ ವಯಸ್ಸಿನವರಲ್ಲ. ಪ್ರಾಯಕ್ಕೆ ಬರುವ ಲಕ್ಷಣಗಳು ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಶುರುವಾಗುತ್ತವೆ, ಗಂಡುಮಕ್ಕಳಲ್ಲಿ 9ರಿಂದ 14ರೊಳಗೆ. ಸರಾಸರಿ ತೆಗೆದರೆ ಹುಡುಗಿಯರು ಒಂದರಿಂದ ಎರಡು ವರ್ಷ ಮುಂದಿರುತ್ತಾರೆ. ಶಾಲೆಯ ದಾಖಲೆಯಲ್ಲಿ ಇಬ್ಬರ ವಯಸ್ಸೂ ಹದಿಮೂರು. ದೇಹದ ಲೆಕ್ಕದಲ್ಲಿ ನಿಮ್ಮ ಮಗಳು ಬಹುಶಃ ಹದಿಹರೆಯದ ನಡುಮನೆಗೆ ಬಂದಿದ್ದಾಳೆ, ಮಗ ಇನ್ನೂ ಹೊಸ್ತಿಲು ದಾಟುತ್ತಿದ್ದಾನೆ.

ಈ ಗಡಿಯಾರಕ್ಕೆ ಕೀಲಿ ಕೊಡುವುದೂ ಮಿದುಳೇ. ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗ ವರ್ಷಗಟ್ಟಲೆ ಸುಮ್ಮನಿದ್ದು, ಒಂದು ಹಂತದಲ್ಲಿ ಮೊದಮೊದಲು ರಾತ್ರಿ ನಿದ್ದೆಯಲ್ಲಿ ಪಿಟ್ಯೂಟರಿ ಗ್ರಂಥಿಗೆ ಬಿಟ್ಟು ಬಿಟ್ಟು ಸಂದೇಶ ಕಳಿಸತೊಡಗುತ್ತದೆ. ಅದನ್ನು ಎಬ್ಬಿಸುವುದರಲ್ಲಿ ಕಿಸ್‌ಪೆಪ್ಟಿನ್ ಎಂಬ ರಾಸಾಯನಿಕದ ಪಾತ್ರ ದೊಡ್ಡದು ಎಂದು 2003ರಲ್ಲಿ ಗೊತ್ತಾಯಿತು. (ಇದರ ವಂಶವಾಹಿಯನ್ನು ಕಂಡುಹಿಡಿದ ಅಮೆರಿಕದ ಊರು ಚಾಕೊಲೇಟಿಗೆ ಹೆಸರಾದದ್ದು, ಅಲ್ಲಿನ ‘ಕಿಸ್’ ಎಂಬ ಚಾಕೊಲೇಟಿನ ಹೆಸರನ್ನೇ ಇದಕ್ಕೂ ಇಟ್ಟರು. ಹರೆಯದ ಬಾಗಿಲು ತೆಗೆಯುವ ವಸ್ತುವಿಗೆ ಮುತ್ತಿನ ಹೆಸರು ಬಂದದ್ದು ಬರೀ ಕಾಕತಾಳೀಯ.) ಅಲ್ಲಿಂದ ಮುಂದೆ ಅಂಡಾಶಯ, ವೃಷಣಗಳು ಹಾರ್ಮೋನ್ ಸುರಿಸುತ್ತವೆ. ಈಸ್ಟ್ರೋಜನ್, ಟೆಸ್ಟೋಸ್ಟಿರಾನ್‌ಗಳು ಎದೆ, ಮೀಸೆ, ದನಿಗಳನ್ನಷ್ಟೇ ಮುಟ್ಟಿ ಬಿಡುವುದಿಲ್ಲ. ಮಿದುಳಿನಲ್ಲೂ ಅವುಗಳಿಗೆ ತೆರೆಯುವ ಬೀಗಗಳಿವೆ; ಭಯ, ಸಿಟ್ಟುಗಳೊಡನೆ ವ್ಯವಹರಿಸುವ ಅಮಿಗ್ಡಲದಲ್ಲಿ, ನೆನಪಿನ ಹಿಪೊಕ್ಯಾಂಪಸ್‌ನಲ್ಲಿ ಅವು ಸಾಕಷ್ಟಿವೆ.

ಮಿದುಳಿನ ಬೆಳವಣಿಗೆಯನ್ನು ಕಣ್ಣಾರೆ ಕಂಡದ್ದು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಜೇ ಗೀಡ್ ಮತ್ತು ಸಂಗಡಿಗರು. ಅವರು ಅದೇ ಮಕ್ಕಳನ್ನು ಸುಮಾರು ಎರಡೆರಡು ವರ್ಷಕ್ಕೊಮ್ಮೆ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಚಿತ್ರ ತೆಗೆದರು. 1999ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಹಣೆಯ ಹಿಂದಿನ ಭಾಗದ ಬೂದು ದ್ರವ್ಯ, ಅಂದರೆ ನರಕೋಶಗಳು ತುಂಬಿರುವ ಪದರ, ಹರೆಯಕ್ಕೆ ಮುನ್ನ ಹೆಚ್ಚುತ್ತಾ ಹೋಗಿ, ಹುಡುಗಿಯರಲ್ಲಿ ಹನ್ನೊಂದರ, ಹುಡುಗರಲ್ಲಿ ಹನ್ನೆರಡರ ಆಸುಪಾಸಿನಲ್ಲಿ ತುದಿ ಮುಟ್ಟಿ, ಆಮೇಲೆ ಇಳಿಯತೊಡಗುತ್ತದೆ. 2007ರಲ್ಲಿ ಅದೇ ಗುಂಪು 387 ಮಕ್ಕಳು ಮತ್ತು ಯುವಜನರ 829 ಚಿತ್ರಗಳನ್ನು ಇಟ್ಟುಕೊಂಡು ಒಟ್ಟು ಮಿದುಳಿನ ಗಾತ್ರ ಹುಡುಗಿಯರಲ್ಲಿ ಹತ್ತೂವರೆ ವರ್ಷಕ್ಕೆ, ಹುಡುಗರಲ್ಲಿ ಹದಿನಾಲ್ಕೂವರೆಗೆ ಗರಿಷ್ಠವಾಗುತ್ತದೆ ಎಂದು ತೋರಿಸಿತು.

ಈ ಕೊನೆಯ ಅಂಕಿ ಪತ್ರಿಕೆಗಳ ಕೈಗೆ ಸಿಕ್ಕಾಗ ‘ಹುಡುಗಿಯರು ನಾಲ್ಕು ವರ್ಷ ಬುದ್ಧಿವಂತರು’ ಎಂದಾಯಿತು. ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಗಾತ್ರ ತುದಿ ಮುಟ್ಟುವುದೆಂದರೆ ಮಿದುಳು ಪಕ್ವವಾಯಿತು ಎಂದಲ್ಲ. ಮುಖ್ಯವಾದ ಕೆಲಸ ನಡೆಯುವುದು ಅದಾದ ಮೇಲೆ. ತೋಟಗಾರ ಕೊಂಬೆ ಸವರುವಂತೆ, ಬಳಕೆಯಿಲ್ಲದ ನರ ಸಂಪರ್ಕಗಳು ಕಡಿಮೆಯಾಗುತ್ತವೆ. ಉಳಿದ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ದಪ್ಪವಾಗಿ ಸಂದೇಶಗಳ ಓಟ ಚುರುಕಾಗುತ್ತದೆ. ಈ ಕೆಲಸ ಇಪ್ಪತ್ತು ದಾಟಿದರೂ ನಡೆಯುತ್ತಲೇ ಇರುತ್ತದೆ. ಎಲ್ಲಕ್ಕಿಂತ ಕೊನೆಗೆ ಸಿದ್ಧವಾಗುವ ಭಾಗಗಳಲ್ಲಿ ಒಂದು ಹಣೆಯ ಹಿಂದಿನದು. ‘ಸ್ವಲ್ಪ ತಡೆ, ಹೀಗೆ ಮಾಡಿದರೆ ಏನಾಗುತ್ತದೆ ನೋಡು’ ಎಂದು ಹೇಳುವುದು ಅದರ ಹೊಣೆ.

ಆದ್ದರಿಂದ ಹರೆಯದಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ಬೇಕು, ಬೇಡ, ಭಯ, ಅವಮಾನ, ರೋಮಾಂಚನಗಳ ವ್ಯವಸ್ಥೆ ಹಾರ್ಮೋನಿನ ಜೊತೆಗೇ ಚುರುಕಾಗುತ್ತದೆ. ಅದನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆ ತನ್ನದೇ ನಿಧಾನಗತಿಯಲ್ಲಿ ಬೆಳೆಯುತ್ತದೆ. ಇದು ಇಬ್ಬರಿಗೂ ಒಂದೇ. ರೋಮಾಂಚನದ ಹಸಿವು ಸರಾಸರಿಯಲ್ಲಿ ಹುಡುಗರಲ್ಲಿ ಹೆಚ್ಚು, ತಣಿಯುವುದೂ ತಡ. ಗೆಳೆಯರು ಪಕ್ಕದಲ್ಲಿದ್ದರಂತೂ ಕೇಳುವುದೇ ಬೇಡ. 2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿದಾಗ, ಒಂಟಿಯಾಗಿದ್ದಾಗ ದೊಡ್ಡವರಿಗಿಂತ ಹೆಚ್ಚೇನೂ ಬೇರೆಯಾಗಿ ಆಡದ ಹದಿಹರೆಯದವರು ಗೆಳೆಯರೆದುರು ಎಷ್ಟೋ ಪಾಲು ಹೆಚ್ಚು ಅಪಾಯಕ್ಕೆ ಕೈಹಾಕಿದರು.

ಇನ್ನು ‘ಹುಟ್ಟಿನಿಂದಲೇ ಹಾಗೆ’ ಎಂಬ ಮಾತು. ಈ ಮಾತಿನ ಹಿಂದೆ ಒಂದು ಹಳೆಯ ಕತೆಯಿದೆ. 1982ರಲ್ಲಿ ಒಂದು ಪ್ರತಿಷ್ಠಿತ ವಿಜ್ಞಾನ ಪತ್ರಿಕೆಯಲ್ಲಿ, ಮಿದುಳಿನ ಎಡ ಬಲ ಭಾಗಗಳನ್ನು ಜೋಡಿಸುವ ನರಗಳ ಸೇತುವೆ ಹೆಂಗಸರಲ್ಲಿ ಹಿಂಬದಿಗೆ ಹೆಚ್ಚು ದಪ್ಪ ಎಂದು ಬರೆದರು. ಹೆಂಗಸರ ಭಾವನೆ ಮತ್ತು ಮಾತು ಸದಾ ಜೊತೆಜೊತೆಗೆ ಓಡುವುದು ಇದಕ್ಕೇ ಎಂದು ಜನ ಮುಂದಿನ ಹದಿನೈದು ವರ್ಷ ಹೇಳಿಕೊಂಡು ತಿರುಗಿದರು. ಆ ಅಧ್ಯಯನದಲ್ಲಿ ಇದ್ದ ಮಿದುಳುಗಳೆಷ್ಟು? ಹದಿನಾಲ್ಕು. ಒಂಬತ್ತು ಗಂಡಸರದು, ಐದು ಹೆಂಗಸರದು. 1997ರಲ್ಲಿ ಇಬ್ಬರು ಸಂಶೋಧಕರು ಅದುವರೆಗಿನ 49 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ಜಾಲಾಡಿದಾಗ ಆ ವ್ಯತ್ಯಾಸ ಉಳಿಯಲೇ ಇಲ್ಲ. ಉಳಿದದ್ದು ಗಾದೆಯಂತಾಗಿದ್ದ ಮಾತು ಮಾತ್ರ. ಅದನ್ನೇ ನಿಮ್ಮ ಹಿರಿಯರು ಈಗಲೂ ಹೇಳುತ್ತಿದ್ದಾರೆ.

ಗಂಡಸರ ಮಿದುಳು ಸರಾಸರಿ ಶೇಕಡ 10ರಷ್ಟು ದೊಡ್ಡದು ಎನ್ನುವುದು ನಿಜ, ದೇಹವೂ ದೊಡ್ಡದು. ಗಾತ್ರದ ಲೆಕ್ಕ ತೆಗೆದರೆ ಮಿಕ್ಕ ವ್ಯತ್ಯಾಸಗಳು ಬಹಳ ಸಣ್ಣವು. ಡಾಫ್ನಾ ಜೋಯೆಲ್ ಮತ್ತು ಸಂಗಡಿಗರು 2015ರಲ್ಲಿ 1,400ಕ್ಕೂ ಹೆಚ್ಚು ಮಿದುಳುಗಳ ಚಿತ್ರಗಳನ್ನು ನೋಡಿ, ಎಲ್ಲ ಭಾಗಗಳೂ ‘ಹೆಣ್ಣಿನ ಕಡೆ’ ಅಥವಾ ಎಲ್ಲವೂ ‘ಗಂಡಿನ ಕಡೆ’ ಇರುವ ಮಿದುಳು ತೀರಾ ಅಪರೂಪ, ಹೆಚ್ಚಿನವು ಎರಡರ ಮಿಶ್ರಣ ಎಂದರು. ಹಾಗೆಂದು ‘ವ್ಯತ್ಯಾಸವೇ ಇಲ್ಲ, ಎಲ್ಲ ಬೆಳೆಸಿದ ರೀತಿ’ ಎನ್ನುವವರ ಜೊತೆಗೂ ನಾನು ಕೂರಲಾರೆ. ಹುಟ್ಟುವ ಮುಂಚಿನ ಟೆಸ್ಟೋಸ್ಟಿರಾನ್ ಗಿನಿ ಇಲಿಗಳ ಮುಂದಿನ ನಡವಳಿಕೆಯನ್ನೇ ತಿದ್ದುತ್ತದೆ ಎಂದು 1959ರಲ್ಲೇ ತೋರಿಸಿದ್ದಾರೆ. ಮನುಷ್ಯ ಮಾತ್ರ ಹಾರ್ಮೋನಿನ ಕೈಗೆ ಸಿಗದ ಪ್ರಾಣಿ ಎನ್ನಲು ಕಾರಣವಿಲ್ಲ. ಸರಾಸರಿಯ ವ್ಯತ್ಯಾಸವನ್ನು ಒಂದು ಮಗುವಿನ ಹಣೆಗೆ ಚೀಟಿಯಂತೆ ಅಂಟಿಸುವುದಕ್ಕೆ ಮಾತ್ರ ನನ್ನ ತಕರಾರು.

ಚೀಟಿ ಅಂಟಿಸಿದರೆ ಏನಾಗುತ್ತದೆ ಎನ್ನುವುದಕ್ಕೆ 1976ರ ಒಂದು ಪ್ರಯೋಗವಿದೆ. ಕಾಂಡ್ರಿ ಎಂಬ ದಂಪತಿ ಮಾಡಿದ್ದು. ಒಂಬತ್ತು ತಿಂಗಳ ಒಂದು ಮಗು. ಅದರ ಮುಂದೆ ಒಂದು ಡಬ್ಬಿ. ತಟ್ಟನೆ ಅದರೊಳಗಿನಿಂದ ಗೊಂಬೆ ಚಿಮ್ಮುತ್ತದೆ. ಮಗು ಬೆಚ್ಚುತ್ತದೆ. ಮತ್ತೆ ಚಿಮ್ಮುತ್ತದೆ. ಮಗು ಕಿರುಚಿ ಅಳುತ್ತದೆ. ಇಷ್ಟನ್ನು ಚಿತ್ರೀಕರಿಸಿ ಇನ್ನೂರಕ್ಕೂ ಹೆಚ್ಚು ದೊಡ್ಡವರಿಗೆ ತೋರಿಸಿದರು. ಅರ್ಧ ಜನರಿಗೆ ಇದು ಗಂಡುಮಗು ಎಂದರು, ಇನ್ನರ್ಧ ಜನರಿಗೆ ಹೆಣ್ಣುಮಗು ಎಂದರು. ಗಂಡು ಎಂದುಕೊಂಡವರಿಗೆ ಆ ಅಳುವಿನಲ್ಲಿ ಸಿಟ್ಟು ಕಂಡಿತು. ಹೆಣ್ಣು ಎಂದುಕೊಂಡವರಿಗೆ ಭಯ ಕಂಡಿತು. ಮಗು ಒಂದೇ, ಅಳು ಒಂದೇ.

ಇದನ್ನು ಹದಿಮೂರು ವರ್ಷ ಎಳೆದು ನೋಡಿ. ಅಳುವಾಗಲೆಲ್ಲ ‘ಹೆದರಿದೆಯಾ ಪುಟ್ಟೀ’ ಎಂದು ಎತ್ತಿಕೊಂಡ ಮಗುವಿಗೆ ತನ್ನ ಭಯದ ಹೆಸರು ಗೊತ್ತಿರುತ್ತದೆ. ‘ಏನೋ ನಿನ್ನ ಸಿಟ್ಟು’ ಎಂದು ಗದರಿಸಿಕೊಂಡ ಮಗು ತನ್ನ ಭಯವನ್ನೂ ಸಿಟ್ಟೆಂದೇ ಕಲಿತಿರುತ್ತದೆ. ಮಗಳ ಕಣ್ಣೀರಿನಲ್ಲಿ ಸಿಟ್ಟು ಎಷ್ಟಿದೆ, ಮಗನ ಬಾಗಿಲಿನ ಸದ್ದಿನಲ್ಲಿ ಹೆದರಿಕೆ ಎಷ್ಟಿದೆ ಎಂದು ನೀವು ಒಮ್ಮೆ ತಿರುಗಿಸಿ ನೋಡಬೇಕು. ಎಷ್ಟೋ ಸಲ ನನ್ನ ಎದುರು ಅಳುತ್ತಾ ಕೂತ ಹುಡುಗಿಯನ್ನು ‘ಯಾರ ಮೇಲೆ ಸಿಟ್ಟು?’ ಎಂದು ಕೇಳಿದ್ದೇನೆ. ಅಳು ಅಲ್ಲಿಗೇ ನಿಂತು, ಹೆಸರು ಹೊರಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಒಂದು ವ್ಯತ್ಯಾಸವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅದು ಖಿನ್ನತೆ. ಸಣ್ಣ ಮಕ್ಕಳಲ್ಲಿ ಖಿನ್ನತೆ ಹುಡುಗ ಹುಡುಗಿಯರಿಗೆ ಹೆಚ್ಚುಕಡಿಮೆ ಸಮವಾಗಿರುತ್ತದೆ. ಹನ್ನೆರಡರ ಹೊತ್ತಿಗೆ ಹಾದಿ ಕವಲೊಡೆಯುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಅಂತರ ಅತಿ ಹೆಚ್ಚಾಗುವುದು 13ರಿಂದ 15 ವರ್ಷದಲ್ಲಿ. ಆಗ ಹುಡುಗಿಯರಿಗೆ ಸಂಭವ ಸುಮಾರು ಮೂರು ಪಟ್ಟು. ಆಮೇಲೆ ಇಳಿದು ಎರಡು ಪಟ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಇಲ್ಲೂ ವಯಸ್ಸಿಗಿಂತ ದೇಹದ ಹಂತ ಹೆಚ್ಚು ಹೇಳುತ್ತದೆ. ಪ್ರಾಯದ ಬೆಳವಣಿಗೆಯನ್ನು ವೈದ್ಯರು ಐದು ಹಂತಗಳಾಗಿ ವಿಂಗಡಿಸುತ್ತಾರೆ. ಹುಡುಗಿಯರಲ್ಲಿ ಖಿನ್ನತೆ ಏರತೊಡಗುವುದು ಮೂರನೆಯ ಹಂತದಿಂದ ಎಂದು 1998ರ ಒಂದು ಅಧ್ಯಯನ ತೋರಿಸಿತು. ಓರಗೆಯವರಿಗಿಂತ ಬೇಗ ಮೈನೆರೆದ ಹುಡುಗಿಯರಿಗೆ ಹೊರೆ ಇನ್ನೂ ಹೆಚ್ಚು. ದೇಹ ಹದಿನಾರರದಂತೆ ಕಂಡರೆ ಲೋಕ ಹದಿನಾರರವಳಂತೆ ನಡೆಸಿಕೊಳ್ಳುತ್ತದೆ, ಒಳಗಿರುವುದು ಹನ್ನೊಂದರ ಮಗು.

ಹಾರ್ಮೋನಿನ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸಿಮಾ ಬದುಕಿಡೀ ಅಧ್ಯಯನ ಮಾಡಿದ್ದು ಅದನ್ನೇ. ಕನ್ನಡದಲ್ಲಿ ಅದಕ್ಕೆ ಹೊಸ ಪದ ಹುಡುಕಬೇಕಿಲ್ಲ, ‘ಮೆಲುಕು ಹಾಕುವುದು’ ಎಂದರೆ ಸಾಕು. ಒಂದೇ ನೋವನ್ನು ನುಂಗುವುದೂ ಇಲ್ಲ, ಉಗುಳುವುದೂ ಇಲ್ಲ. ಹಸು ಮೆಲುಕು ಹಾಕಿದರೆ ಜೀರ್ಣವಾಗುತ್ತದೆ. ಮನಸ್ಸು ಮೆಲುಕು ಹಾಕಿದರೆ ಆಗುವುದಿಲ್ಲ, ಅಷ್ಟೇ ವ್ಯತ್ಯಾಸ. ಈ ಅಭ್ಯಾಸ ಹುಡುಗಿಯರಲ್ಲಿ ಸ್ವಲ್ಪ ಹೆಚ್ಚು. ಇಬ್ಬರು ಗೆಳತಿಯರು ಜೊತೆಯಾಗಿ ಮೆಲುಕು ಹಾಕುವುದೂ ಉಂಟು. ಅಮಾಂಡಾ ರೋಸ್ 2007ರಲ್ಲಿ ಕಂಡುಕೊಂಡಂತೆ, ಸಮಸ್ಯೆಯನ್ನು ಮತ್ತೆ ಮತ್ತೆ ಮಾತಾಡಿಕೊಳ್ಳುವ ಹುಡುಗಿಯರ ಗೆಳೆತನ ಗಟ್ಟಿಯಾಗುತ್ತದೆ, ಜೊತೆಗೆ ಖಿನ್ನತೆಯ ಲಕ್ಷಣಗಳೂ ಹೆಚ್ಚುತ್ತವೆ. ಹುಡುಗರಲ್ಲಿ ಗೆಳೆತನ ಗಟ್ಟಿಯಾಗುವುದು ಮಾತ್ರ ಕಂಡಿತು.

ಹಾಗಾಗಿ ಮಗಳ ವಿಷಯದಲ್ಲಿ ನನ್ನ ಸಲಹೆ ಸ್ವಲ್ಪ ವಿಚಿತ್ರವೆನಿಸಬಹುದು. ಮೊದಲ ಸಲ ಪೂರ್ತಿ ಕೇಳಿ. ನಡುವೆ ಬಾಯಿ ಹಾಕಬೇಡಿ, ‘ಇಷ್ಟಕ್ಕೆಲ್ಲ ಅಳುತ್ತಾರೇನೇ’ ಎನ್ನಲೇಬೇಡಿ. ಅದೇ ವಿಷಯ ಮೂರನೆಯ ಸಲ ಬಂದಾಗ ಮಾತ್ರ ಇನ್ನಷ್ಟು ಕೆದಕಬೇಡಿ. ‘ನಾಳೆ ಅವಳು ಎದುರಿಗೆ ಸಿಕ್ಕಿದರೆ ಏನು ಹೇಳುತ್ತೀ?’ ಎಂದು ಕೇಳಿ. ಉತ್ತರ ಹೊಳೆಯದಿದ್ದರೆ ‘ನಾಳೆ ಯೋಚಿಸೋಣ, ಬಾ, ಒಂದು ಸುತ್ತು ನಡೆದು ಬರೋಣ’ ಎನ್ನಿ. ಎದ್ದು ನಡೆದ ದೇಹ ಮನಸ್ಸಿನ ಮೆಲುಕನ್ನು ಮುರಿಯುವುದನ್ನು ನಾನು ಅದೆಷ್ಟೋ ಸಲ ಕಂಡಿದ್ದೇನೆ.

ಮಗನ ‘ಏನಿಲ್ಲ’ಕ್ಕೆ ಬರೋಣ. ಹುಡುಗರು ನಾಚಿಕೆಯಿಂದ ಅಥವಾ ಅವಮಾನದ ಭಯದಿಂದ ಮಾತಾಡುವುದಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಅದೇ ರೋಸ್ ಮತ್ತು ಸಂಗಡಿಗರು 2012ರಲ್ಲಿ ಸುಮಾರು ಎರಡು ಸಾವಿರ ಮಕ್ಕಳನ್ನು ಕೇಳಿದಾಗ ಬೇರೆಯೇ ಉತ್ತರ ಬಂತು. ಸಮಸ್ಯೆಯ ಬಗ್ಗೆ ಮಾತಾಡುವುದು ಹುಡುಗರಿಗೆ ಒಂಥರಾ ಅನಿಸುತ್ತದೆ; ಮಾತಾಡಿ ಏನೂ ಆಗುವುದಿಲ್ಲ, ಹೊತ್ತು ಹಾಳು. ಆದ್ದರಿಂದ ಎದುರು ಕೂರಿಸಿಕೊಂಡು ‘ಭಯಪಡಬೇಡ, ಮನಸ್ಸು ಬಿಚ್ಚಿ ಮಾತಾಡು’ ಎಂದರೆ ಕೆಲಸವಾಗುವುದಿಲ್ಲ. ಅವನಿಗೆ ಭಯವಿಲ್ಲ, ಮಾತಿನ ಮೇಲೆ ನಂಬಿಕೆಯಿಲ್ಲ.

ಒಮ್ಮೆ ಹದಿನಾಲ್ಕರ ಹುಡುಗನೊಬ್ಬನನ್ನು ಕರೆತಂದಿದ್ದರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಹೇಳುತ್ತೇನೆ. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ ಎಂಬ ದೂರು. ಅರ್ಧ ಗಂಟೆ ಅವನ ಬಾಯಿಂದ ಬಂದದ್ದು ‘ಗೊತ್ತಿಲ್ಲ’ ಒಂದೇ. ನನ್ನ ಮೇಜಿನ ಫ್ಯಾನು ಅಂದು ಕಟಕಟ ಎನ್ನುತ್ತಿತ್ತು. ಬೇಸತ್ತು ಸ್ಕ್ರೂಡ್ರೈವರ್ ತೆಗೆದು ನಾನು ತಿರುಗಿಸುತ್ತಿದ್ದರೆ, ಅವನು ‘ಅದು ಆ ಕಡೆಯದಲ್ಲ’ ಎಂದು ಎದ್ದು ಬಂದ. ಕೊಟ್ಟೆ. ಬೆನ್ನು ನನ್ನ ಕಡೆಗೆ, ಕಣ್ಣು ಸ್ಕ್ರೂ ಮೇಲೆ. ಎರಡನೆಯ ಸ್ಕ್ರೂ ಬಿಗಿಯುವಾಗ, ‘ಅಜ್ಜ ಹೋದ ಮೇಲೆ ಮನೆಯಲ್ಲಿ ಯಾರೂ ಅವರ ಹೆಸರೇ ಎತ್ತುವುದಿಲ್ಲ’ ಎಂದ. ನಾನು ಏನೂ ಹೇಳಲಿಲ್ಲ. ಅವನು ಮೂರನೆಯ ಸ್ಕ್ರೂಗೆ ಹೋದ, ಇನ್ನೊಂದಿಷ್ಟು ಹೇಳಿದ. ಅಜ್ಜ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವನು ಅಳಲಿಲ್ಲ, ಗಟ್ಟಿ ಹುಡುಗ ಎಂದು ಮನೆಯವರು ಅಂದುಕೊಂಡಿದ್ದರು. ಫ್ಯಾನಿನ ಸದ್ದು ಪೂರ್ತಿ ಹೋಗಲಿಲ್ಲ, ಅದು ಬೇರೆ ಮಾತು.

ಮುಖ ನೋಡದೆ, ಪಕ್ಕಪಕ್ಕದಲ್ಲಿ, ಕೈಗೊಂದು ಕೆಲಸವಿರುವಾಗ ಮಾತು ಸಲೀಸು. ಬಂದ ಮಾತು ಚಿಕ್ಕದಾದರೂ ಅದರಿಂದ ಏನಾದರೂ ಬದಲಾಗಬೇಕು, ಆಗ ಮಾತು ದಂಡವಲ್ಲ ಎಂದು ಅವನಿಗೆ ಗೊತ್ತಾಗುತ್ತದೆ. ಆ ಮನೆಯವರು ಮಾಡಿದ್ದು ಇಷ್ಟೇ: ಅಜ್ಜನ ಫೋಟೋವನ್ನು ಮತ್ತೆ ಹೊರಗೆ ತಂದಿಟ್ಟರು.

ಹುಡುಗರ ಖಿನ್ನತೆ ನಮ್ಮ ಕಣ್ತಪ್ಪಿಸುವುದು ಹೀಗೆಯೇ. ಹದಿಹರೆಯದವರಲ್ಲಿ ಸದಾ ಸಿಡುಕುವುದನ್ನು ದುಃಖದಷ್ಟೇ ಗಂಭೀರ ಲಕ್ಷಣವಾಗಿ ಮನೋವೈದ್ಯರ ಕೈಪಿಡಿಗಳು ಒಪ್ಪುತ್ತವೆ. ಆತ್ಮಹತ್ಯೆಯ ಯತ್ನ ಹುಡುಗಿಯರಲ್ಲಿ ಹೆಚ್ಚಾದರೂ, ಹೆಚ್ಚಿನ ದೇಶಗಳಲ್ಲಿ ಅದರಿಂದ ಸಾಯುವವರಲ್ಲಿ ಹುಡುಗರೇ ಹೆಚ್ಚು. ಆದ್ದರಿಂದ ಅಳುವ ಮಗಳಿಗೆ ಹೆಚ್ಚು ಗಮನ, ಸುಮ್ಮನಿರುವ ಮಗನಿಗೆ ಕಡಿಮೆ ಎಂಬ ಹಂಚಿಕೆ ಬೇಡ. ಎರಡು ವಾರ ಮೀರಿ ಹೆಚ್ಚುಕಡಿಮೆ ದಿನವೂ ಮಂಕು ಅಥವಾ ಸಿಡುಕು ಇದ್ದು, ಜೊತೆಗೆ ನಿದ್ದೆ, ಹಸಿವು ಕೆಟ್ಟಿದ್ದರೆ, ಇಷ್ಟದ ಆಟ, ಗೆಳೆಯರು ಬೇಡವಾಗಿದ್ದರೆ, ಓದು ಕುಸಿದಿದ್ದರೆ ವೈದ್ಯರಿಗೆ ತೋರಿಸಿ. ಮೈಮೇಲೆ ಗಾಯ ಮಾಡಿಕೊಂಡ ಗುರುತು ಕಂಡರೆ, ‘ನಾನಿಲ್ಲದಿದ್ದರೆ ಚೆನ್ನ’ ಎಂಬಂಥ ಮಾತು ಬಂದರೆ ಎರಡು ವಾರ ಕಾಯಬೇಡಿ, ಅದೇ ದಿನ ಹೋಗಿ. ಸಾಯಬೇಕು ಅನಿಸುತ್ತದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುವುದಿಲ್ಲ. ಇದ್ದ ಯೋಚನೆ ಹೊರಬರುತ್ತದೆ. ನೀವು ಬರೆದದ್ದನ್ನು ನೋಡಿದರೆ ಇಬ್ಬರೂ ಊಟ, ಶಾಲೆ, ಗೆಳೆಯರು ಎಂದು ಎಂದಿನಂತಿದ್ದಾರೆಯೇ ಇಲ್ಲವೇ ತಿಳಿಯುವುದಿಲ್ಲ. ಅದನ್ನು ಈ ವಾರ ಗಮನಿಸಿ.

ಕೊನೆಗೆ ಮಲಗುವ ಹೊತ್ತಿನ ಜಗಳ. ಈ ಒಂದು ಜಗಳದಲ್ಲಿ ನಾನು ನಿಮ್ಮ ಮಗಳ ಪಕ್ಷ. ನಿದ್ದೆ ಬರಿಸುವ ಮೆಲಟೋನಿನ್ ಹರೆಯದಲ್ಲಿ ರಾತ್ರಿ ತಡವಾಗಿ ಏರುತ್ತದೆ. ದೇಹ ಪ್ರಾಯದ ಹಾದಿಯಲ್ಲಿ ಮುಂದೆ ಹೋದಷ್ಟೂ ನಿದ್ದೆಯ ಹೊತ್ತು ತಡರಾತ್ರಿಯ ಕಡೆಗೆ ಜಾರುತ್ತದೆ. ಇದರಲ್ಲೂ ಹುಡುಗಿಯರು ಮುಂದೆ. ಆ ಜಾರುವಿಕೆ ಅವರಿಗೆ ಸುಮಾರು ಹತ್ತೊಂಬತ್ತೂವರೆಗೆ, ಹುಡುಗರಿಗೆ ಇಪ್ಪತ್ತೊಂದರ ಹತ್ತಿರ ತುದಿ ಮುಟ್ಟುತ್ತದೆ ಎಂದು 2004ರ ಯುರೋಪಿನ ಒಂದು ದೊಡ್ಡ ಅಧ್ಯಯನ ಹೇಳಿತು. ಮಗ ಒಂಬತ್ತೂವರೆಗೆ ತೂಕಡಿಸುತ್ತಿದ್ದರೆ ಮಗಳಿಗೆ ಹತ್ತೂವರೆಯಾದರೂ ಕಣ್ಣು ಅಂಟದಿರುವುದು ಹಠವಿರಲಾರದು. ಇಬ್ಬರಿಗೂ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು, ಮೊಬೈಲ್ ಹಾಸಿಗೆಯಿಂದ ದೂರ ಇರಬೇಕು. ಈ ನಿಯಮಗಳು ಒಂದೇ ಇರಲಿ. ದೀಪ ಆರಿಸುವ ಹೊತ್ತಿನಲ್ಲಿ, ಬೆಳಿಗ್ಗೆ ಏಳುವ ಸಮಯ ನೋಡಿಕೊಂಡು, ಮಗಳಿಗೆ ಅರ್ಧ ಗಂಟೆ ಸಡಿಲ ಕೊಡಿ. ‘ಅವಳಿಗೆ ಮಾತ್ರ ಏಕೆ?’ ಎಂದು ಮಗ ಖಂಡಿತ ಕೇಳುತ್ತಾನೆ. ಇನ್ನೊಂದು ಒಂದೂವರೆ ವರ್ಷ ತಡೆಯಲು ಹೇಳಿ, ಆಗ ಅವನಿಗೂ ಅದೇ ಅರ್ಧ ಗಂಟೆ ಸಿಗುತ್ತದೆ ಎಂದು ಕ್ಯಾಲೆಂಡರಿನಲ್ಲಿ ಅವನ ಕೈಯಲ್ಲೇ ಬರೆಸಿಬಿಡಿ.